ಶೇಷ ಸೊನ್ನೆ

ದಾವಲಸಾಬ ನದಾಫರು ತಂಬಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಕೂಡಲೇ ಜಲನಿಯಂತ್ರಣ ಕೇಂದ್ರದ ಎಂಟೂ ಜನ ಮೂಗು ಮುಚ್ಚಿಕೊಂಡರು. ಹವಾನಿಯಂತ್ರಿತ ಕೋಣೆ, ಕಿಟಕಿ ತೆರೆಯುವ ಹಾಗಿಲ್ಲ. ಗಟಾರದ ನಾತ ಅಲ್ಲಿಗೆ ಒಮ್ಮೆ ಬಂತೆಂದರೆ ಅದಕ್ಕೂ ಅಲ್ಲೇ ನೌಕರಿ ಸಿಕ್ಕಿದ ಹಾಗೆ.

"ಇದು ನಮ್ಮ ನಳದ ನೀರ್ರಿ," ಅಂದರು ದಾವಲಸಾಬರು. "ಇವತ್ತು ಮುಂಜಾನೆ ಹಿಡದದ್ದು."

ಕಲ್ಲಹಾಳ ನಗರದಲ್ಲಿ ಮೂವತ್ತೆರಡು ವರ್ಷ ವಾಲ್ವ್ ತಿರುಗಿಸಿ ನೀರು ಬಿಟ್ಟವರು ಅವರು. ಕಬ್ಬಿಣದ ಸರಳಿನ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ನೀರು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದರು. ವಾಲ್ವುಗಳು ತಮ್ಮಷ್ಟಕ್ಕೆ ತಾವೇ ತಿರುಗಲು ಕಲಿತ ಮೇಲೆ ಇಲಾಖೆಯವರು ಒಂದು ಶಾಲು ಹೊದಿಸಿ ಅವರನ್ನು ಮನೆಗೆ ಕಳಿಸಿದ್ದರು.

ಕೇಂದ್ರದ ನಿರ್ದೇಶಕ ವಿನಾಯಕ ಹೊಸಮಠ ಕುರ್ಚಿಯಿಂದ ಏಳಲಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯ ಕಡೆ ಬೆರಳು ಮಾಡಿದ. "ಪರದಿ ನೋಡ್ರಿ ಅಜ್ಜಾರ. ಹಸರ ಐತಿಲ್ಲ? ಶೇಷ ಸೊನ್ನಿ ಅಂತ ಬರದೈತಿ. ಊರಾಗ ಯಾವ ಮೂಲ್ಯಾಗೂ ತೊಂದ್ರಿ ಇಲ್ಲ. ತಂಬಿಗಿ ತೊಳದು ನೀರು ಹಿಡದಿರೋ ಇಲ್ಲೋ?"

"ತೊಳ್ಯಾಕೂ ಇದ ನೀರ ಐತ್ರೀ ಸಾಹೇಬ್ರ. ಬ್ಯಾರೆ ಎಲ್ಲಿಂದ ತರೂದು?"

ಯಾರೋ ಕಿಸಕ್ಕೆಂದರು. ಹೊಸಮಠ ಮೇಜಿನ ಖಾನೆಯಿಂದ ಮಲ್ಲಿಗೆ ಪರಿಮಳದ ಡಬ್ಬಿ ತೆಗೆದು ಗಾಳಿಗೆ ಮೂರು ಸಲ ಚಿಮುಕಿಸಿದ. ಮಲ್ಲಿಗೆಯೂ ಗಟಾರವೂ ಕೂಡಿ ಕೋಣೆಯಲ್ಲಿ ಮೂರನೆಯದೇ ಒಂದು ವಾಸನೆ ಹುಟ್ಟಿತು, ಮೊದಲಿನದಕ್ಕಿಂತ ಅಸಹ್ಯವಾದದ್ದು. ಮೂಲೆಯ ಮೇಜಿನಲ್ಲಿ ಕುಳಿತಿದ್ದ ದಾಕ್ಷಾಯಣಿ ಬಡಿಗೇರ ತಂಬಿಗೆಯ ಕಡೆ ತಿರುಗಿ ನೋಡಿದಳು. ಪರದೆಯ ಹಿಂದೆ ಓಡುತ್ತಿದ್ದ ಲೆಕ್ಕ ಅವಳದು.

ಕಲ್ಲಹಾಳದ ನೆಲದ ಕೆಳಗೆ ಅರವತ್ತೊಂದು ಸಾವಿರ ಕೂಡುಗಳಿವೆ, ಅಂದರೆ ಪೈಪಿಗೆ ಪೈಪು ಸೇರುವ ಜಾಗಗಳು. ಒಂದೊಂದು ಕೂಡಿಗೂ ಒಂದು ಸಮೀಕರಣ. ಬಂದ ನೀರೆಷ್ಟೋ ಹೋದ ನೀರೂ ಅಷ್ಟೇ ಇರಬೇಕು ಎಂಬುದಷ್ಟೇ ಅದರ ಮಾತು. ಆದರೆ ಒಂದು ಕೂಡಿನ ಒತ್ತಡಕ್ಕೆ ಪಕ್ಕದ ಕೂಡು ಬೇಕು, ಅದಕ್ಕೆ ಅದರ ಪಕ್ಕದ್ದು ಬೇಕು. ಹಾಗಾಗಿ ಅರವತ್ತೊಂದು ಸಾವಿರವನ್ನೂ ಒಟ್ಟಿಗೇ ಬಿಡಿಸಬೇಕು. ಹಳೆಯ ವಿಧಾನದಲ್ಲಿ ಅಂದಾಜು ಮಾಡಿ, ತಪ್ಪು ನೋಡಿ, ತಿದ್ದಿ, ಮತ್ತೆ ತಪ್ಪು ನೋಡಿ ಸಾವಿರಾರು ಸುತ್ತು ಹೋಗಬೇಕಿತ್ತು. ಉತ್ತರ ಬರುವಷ್ಟರಲ್ಲಿ ಊರಿನವರ ಸ್ನಾನ ಮುಗಿದು ಲೆಕ್ಕವೇ ಹಳಸಿರುತ್ತಿತ್ತು.

ದಾಕ್ಷಾಯಣಿ ಆ ಸಾವಿರಾರು ಸುತ್ತನ್ನು ಒಂಬತ್ತಕ್ಕೆ ಇಳಿಸಿದವಳು. ಅವಳ ಅಪ್ಪ ಬಾಗಿಲು ಮಾಡುವಾಗ ಮೊದಲು ಬಾಚಿ ಹಿಡಿದು ಹಲಗೆಯನ್ನು ಒರಟಾಗಿ ಕೆತ್ತಿ, ಆಮೇಲೆ ಉಜ್ಜುಗೊರಡು ಹಾಕುತ್ತಿದ್ದ. ಅವಳೂ ಹಾಗೇ ಮಾಡಿದಳು. ತೆಳ್ಳಗಿನ, ದುರ್ಬಲ ಪೈಪುಗಳನ್ನು ಲೆಕ್ಕದ ಮಟ್ಟಿಗೆ ತೆಗೆದುಹಾಕಿ ಒಂದು ಒರಟು ಜಾಲ ಮಾಡಿಕೊಂಡಳು. ಅದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಬಿಡಿಸಬಹುದು. ಬಂದ ಉತ್ತರವನ್ನು ನಿಜವಾದ ಜಾಲದಲ್ಲಿಟ್ಟು ಎಷ್ಟು ತಪ್ಪು ಉಳಿಯಿತೆಂದು ನೋಡಬೇಕು. ಆ ಉಳಿದದ್ದೇ ಶೇಷ. ಅದನ್ನು ಮತ್ತೆ ಒರಟು ಜಾಲಕ್ಕೆ ಕೊಟ್ಟು ತಿದ್ದಬೇಕು. ಯಾವ ಪೈಪು ತೆಗೆದರೆ ಶೇಷ ಬೇಗ ಕರಗುತ್ತದೆ ಎಂದು ಆರಿಸುವುದರಲ್ಲಿತ್ತು ಅವಳ ಜಾಣ್ಮೆ. ಮೊರದಲ್ಲಿ ಜೋಳ ಕೇರಿ ಬೆಳೆದವಳಾದ್ದರಿಂದ ತೆಗೆದ ಪೈಪುಗಳ ಪಟ್ಟಿಗೆ ‘ಜೊಳ್ಳು’ ಎಂದು ಹೆಸರಿಟ್ಟಿದ್ದಳು. ಒಂಬತ್ತನೆಯ ಸುತ್ತಿಗೆ ಶೇಷ ಸೊನ್ನೆಯಾಗುತ್ತಿತ್ತು, ಹಿಡಿಯುತ್ತಿದ್ದುದು ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡಿಗೊಮ್ಮೆ ಊರಿನ ವಾಲ್ವುಗಳೆಲ್ಲ ತಮ್ಮ ಜಾಗ ಸರಿಮಾಡಿಕೊಳ್ಳುತ್ತಿದ್ದವು.

"ಮೇಡಮ್ಮಾರ," ದಾವಲಸಾಬರು ಅವಳ ಕಡೆ ತಿರುಗಿದರು. "ನಾ ಸರಳು ಹಚ್ಚಿ ಕೇಳೀನ್ರಿ. ಪೈಪು ಸೋರಿದ್ರ ಸುಂಯ್ ಅಂತ ಹೊರಗ ಹೋಗೂ ಸಪ್ಪಳ ಬರತೈತಿ. ಇದು ಒಳಗ ಜಗ್ಗಾಕತ್ತೈತ್ರಿ. ಬಸಿಯೊಳಗಿನ ಚಾ ಹೀರಿದಂಗ."

ದಾಕ್ಷಾಯಣಿಗೆ ತಟ್ಟನೆ ಅರ್ಥವಾಯಿತು. ಪೈಪು ಒಳಗೆ ಜಗ್ಗಬೇಕಾದರೆ ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿದಿರಬೇಕು. ಹೊರಗೇನಿದೆ? ಗಟಾರವಿದೆ. ಅವರ ಓಣಿಯಲ್ಲಿ ಪೈಪು ಗಟಾರದ ಪಕ್ಕದಲ್ಲೇ ಮಲಗಿದೆ. ಸಂದಿಗೊಂದಿಯಿಂದ ಅದು ಕುಡಿಯುತ್ತಿರುವುದು ಓಣಿಯವರ ಮಲಮೂತ್ರವನ್ನು. ಕುಡಿದದ್ದನ್ನು ಅವರಿಗೇ ವಾಪಸು ಕೊಡುತ್ತಿದೆ.

"ನಮ್ಮ ಕೂಸು ಐದು ದಿನ ದವಾಖಾನ್ಯಾಗಿತ್ರಿ," ಅಂದರು ದಾವಲಸಾಬರು, ತಂಬಿಗೆಗೆ ಮತ್ತೆ ಬಟ್ಟೆ ಕಟ್ಟುತ್ತ. "ಏಳು ತಿಂಗಳ ಕೂಸು. ಮೊನ್ನೆ ಮನಿಗೆ ಬಂದೈತಿ. ಹಳಿ ದಾಟಿ ತಂದದ್ದು ತೀರಿದ್ರ ಅದಕ್ಕ ಇದ ನೀರು ಕುಡಸಬೇಕು ನೋಡ್ರಿ."

ಸಂಜೆ ಮನೆಯಲ್ಲಿ ಗಂಡ ಶಿವಪುತ್ರ ಚಹ ಮಾಡಿ ಮುಂದಿಟ್ಟ. ಹೈಸ್ಕೂಲಿನ ಚಿತ್ರಕಲಾ ಮಾಸ್ತರ, ಚಹದ ಮೇಲೆ ಅವನಿಗೆ ಬಲು ಅಭಿಮಾನ. ದಾಕ್ಷಾಯಣಿ ಲೋಟ ಮುಟ್ಟಲಿಲ್ಲ.

ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದ ಊರು ಅದು. ‘ನೀರು ಬಂದಾವ್ರೀ’ ಎಂದು ಒಬ್ಬರು ಕೂಗಿದರೆ ಓಣಿಗೆ ಓಣಿಯೇ ಕೊಡ ಹಿಡಿದು ಏಳುತ್ತಿತ್ತು. ಅವಳ ಲೆಕ್ಕ ಬಂದ ಮೇಲೆ ದಿನವಿಡೀ ನೀರು. ಜನ ತೊಟ್ಟಿ ಒಡೆದರು, ಬ್ಯಾರಲ್ಲು ಗುಜರಿಗೆ ಹಾಕಿದರು. ಹೊಸ ಮನೆಗಳಿಗೆ ಮಾಳಿಗೆಯ ಮೇಲೆ ಟಾಕಿಯನ್ನೇ ಕಟ್ಟುವುದು ಬಿಟ್ಟರು. ಇಡೀ ಊರು ನಾಲ್ಕು ಸೆಕೆಂಡಿನ ಉತ್ತರವನ್ನು ನಂಬಿ ನಿಂತಿತು. ಶಿವಪುತ್ರನೂ ಒಂದು ಬ್ಯಾರಲ್ಲು ಇಟ್ಟುಕೊಂಡು ಅದರಲ್ಲಿ ದೊಡ್ಡಪತ್ರೆ ಬೆಳೆಸಿದ್ದ. ಅಡುಗೆಮನೆಯ ನಳ ತಿರುಗಿಸಿದರೆ ತಿಳಿನೀರು ಭರ್ರೆಂದು ಬರುತ್ತಿತ್ತು. ಆ ಭರ್ರೆನ್ನುವ ಸದ್ದೇ ಇವತ್ತು ಅವಳಿಗೆ ಹೇಸಿಗೆ ತರಿಸಿತು. ದಪ್ಪ ಪೈಪಿನ ಬಡಾವಣೆಗೆ ಇಷ್ಟು ರಭಸದಿಂದ ನೀರು ತಳ್ಳುವಾಗಲೇ ತುದಿಯ ಓಣಿ ಗಟಾರ ಹೀರುತ್ತಿದೆ.

"ಹಂಗಾಗಾಕ ಬರಂಗಿಲ್ಲ," ಅಂದಳು, ಗಂಡನಿಗೆ ತಂಬಿಗೆಯ ಸಂಗತಿ ಹೇಳಿ ಮುಗಿಸಿ. "ಒಂಬತ್ತು ಸುತ್ತು ಪೂರಾ ಹಾಕಿದ್ರ ತೆಳ್ಳನ ಪೈಪು ಸುದ್ದಾ ಲೆಕ್ಕಕ್ಕ ಬರತಾವ."

"ಒಂಬತ್ತು ಎಲ್ಲೈತಿ ಈಗ?" ಅಂದ ಶಿವಪುತ್ರ. "ಅವತ್ತ ಮೀಟಿಂಗಿಂದ ಬಂದು ನೀನ ಹೇಳಿದಿ. ಒಂದಕ್ಕ ಇಳಸ್ತೇವಿ ಅಂತ ಹೊಸಮಠ ಅಂದಾ ಅಂತ. ನೀ ಏನಂದಿ ಅವಗ?"

ದಾಕ್ಷಾಯಣಿ ನೆನಪು ಮಾಡಿಕೊಂಡಳು. ಊಟದ ಹೊತ್ತು ಮೀರಿತ್ತು, ಹೊಸಮಠ ಒಂದೇ ಸಮನೆ ಮಾತಾಡುತ್ತಿದ್ದ, ಅವಳು ಹಾಳೆಯ ಮೇಲೆ ಬೇರೇನೋ ಲೆಕ್ಕ ಬಿಡಿಸುತ್ತಿದ್ದಳು.

"ಹೂಂ ಅಂದೆ."

"ಹೂಂ ಅಂದ್ರ ಒಪ್ಪಿದಂಗ ಆತಲ್ಲ."

"ಕೇಳಾಕತ್ತೀನಿ ಅಂತ ಹೂಂ ಅಂದೆ. ಕಥಿ ಕೇಳುವಾಗ ಹೂಂ ಅನ್ನೂದಿಲ್ಲೇನು?"

ಚಹ ಆರಿ ಕೆನೆಗಟ್ಟಿತು.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಹೋಗಿ ತನ್ನದೇ ಪ್ರೋಗ್ರಾಂ ತೆರೆದಳು. ಆರು ವಾರದ ಹಿಂದೆ ಎರಡು ಸಾಲು ಬದಲಾಗಿದ್ದವು. ಮೊದಲನೆಯದರಲ್ಲಿ ಒಂಬತ್ತರ ಜಾಗದಲ್ಲಿ ಒಂದು. ಅದು ಗೊತ್ತಿದ್ದದ್ದೇ. ಎರಡನೆಯ ಸಾಲು ನೋಡಿ ಅವಳು ಎರಡು ಸಲ ಕಣ್ಣುಜ್ಜಿಕೊಂಡಳು. ಶೇಷವನ್ನು ಈಗ ನಿಜವಾದ ಜಾಲದ ಮೇಲೆ ಅಳೆಯುತ್ತಲೇ ಇರಲಿಲ್ಲ, ಒರಟು ಜಾಲದ ಮೇಲೆ ಅಳೆಯುತ್ತಿತ್ತು. ಒರಟು ಜಾಲದ ಉತ್ತರವನ್ನು ಒರಟು ಜಾಲದಲ್ಲೇ ಇಟ್ಟು ನೋಡಿದರೆ ತಪ್ಪು ಸಿಗುವುದಾದರೂ ಹೇಗೆ? ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿ ನೂರಕ್ಕೆ ನೂರು ಹಾಕಿಕೊಂಡ ಹಾಗೆ. ಊರು ಮುಳುಗಿದರೂ ಆ ಪರದೆ ಹಸಿರಾಗಿಯೇ ಇರುತ್ತಿತ್ತು.

ಶೇಷವನ್ನು ನಿಜವಾದ ಜಾಲದ ಮೇಲೆ ಅಳೆದಳು. ನಾನೂರ ಹನ್ನೆರಡು ಕೂಡುಗಳಲ್ಲಿ ಲೆಕ್ಕ ತಪ್ಪಿತ್ತು. ಅಲ್ಲಿದ್ದ ಇಪ್ಪತ್ಮೂರು ಒತ್ತಡಮಾಪಕಗಳು ಆರು ವಾರದಿಂದ ಸೊನ್ನೆಗಿಂತ ಕೆಳಗಿನ ಅಂಕಿ ಕಳಿಸುತ್ತಲೇ ಇದ್ದವು. ಪ್ರತಿಯೊಂದರ ಮುಂದೆಯೂ ‘ಉಪಕರಣ ಕೆಟ್ಟಿದೆ, ಅಲಕ್ಷಿಸಿ’ ಎಂದು ಬರೆದಿತ್ತು. ಓಣಿಗಳ ಹೆಸರು ಓದಿದಳು. ನದಾಫ ಓಣಿ, ಕುಂಬಾರ ಓಣಿ, ಹಳಿಯಾಚೆಯ ಪ್ಲಾಟು, ಆಶ್ರಯ ಕಾಲೊನಿ. ಜೊಳ್ಳನ್ನು ಆರಿಸುವಾಗ ಅವಳ ಲೆಕ್ಕ ಯಾರ ಮನೆ ಎಂದು ಕೇಳಿರಲಿಲ್ಲ, ತೆಳ್ಳಗಿನ ಪೈಪು ಮಾತ್ರ ಹುಡುಕಿತ್ತು. ತೆಳ್ಳಗಿನ ಪೈಪು ಯಾರಿಗೆ ಸಾಕೆಂದು ಪೈಪು ಹಾಕಿದವರು ಐವತ್ತು ವರ್ಷದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದರು. ಅವಳು ಪಟ್ಟಿ ಮುಚ್ಚಿ ಹೋಗಿ ಕೈ ತೊಳೆದುಕೊಂಡು ಬಂದಳು.

ಹೊಸಮಠ ಮಿರ್ಚಿ ಭಜಿ ತಿನ್ನುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳುತ್ತ ಬೆರಳು ಒಂದೊಂದಾಗಿ ನೆಕ್ಕಿದ.

"ಒಂದು ಯಂತ್ರ ಹನ್ನೆರಡು ಊರಿನ ಲೆಕ್ಕ ಹೊರಬೇಕ್ರಿ ಇನ್ಮ್ಯಾಲೆ," ಅಂದ. "ಗುರುವಾರ ಹನ್ನೊಂದು ಊರಿನವ್ರು ನೋಡಾಕ ಬರ್ತಾರ. ಒಂಬತ್ತು ಸುತ್ತು ಹಾಕ್ಕೊಂತ ಕುಂತ್ರ ಮುಗೀತೇನು? ಒಂದ ಸುತ್ತಿಗೆ ಪರದಿ ಕೆಂಪ ಆಗತಿತ್ತು. ಕೆಂಪ ನೋಡಿದ್ರ ಮಂದಿ ಅಂಜತಾರ. ಅದಕ್ಕ ಅಳತಿ ಬದಲ ಮಾಡಿಸಿದೆ."

"ಅಳತಿ ಬದಲ ಮಾಡಿದ್ರ ನೀರು ಬದಲ ಆಗತೈತೇನ್ರಿ? ಮಂದಿ ಹೇಲು ಕುಡ್ಯಾಕತ್ತಾರ."

ಅಂಥ ಶಬ್ದ ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಹೊಸಮಠ ಮುಖ ಕಿವುಚಿದ. ನೀರಿಗೆ ಕಿವುಚದ ಮುಖ ಶಬ್ದಕ್ಕೆ ಕಿವುಚಿತು.

"ಅರವತ್ತೊಂದು ಸಾವಿರದಾಗ ನಾನೂರಾ ಹನ್ನೆರಡು," ಅಂದ. "ನೂರಕ್ಕ ಒಂದೂ ಆಗಂಗಿಲ್ಲ. ಅದರ ಮ್ಯಾಲೆ, ಮೀಟಿಂಗಿನ್ಯಾಗ ನೀವ ಹೂಂ ಅಂದೀರಿ." ಸಭೆಯ ನಡಾವಳಿಯ ಕಡತ ತೆಗೆದು ಎಣ್ಣೆಗೈಯಲ್ಲೇ ಹಾಳೆ ತಿರುವಿ ತೋರಿಸಿದ. ‘ಡಾ. ಬಡಿಗೇರ ಅವರು ಸಮ್ಮತಿ ಸೂಚಿಸಿದರು.’ ಆ ಸಾಲಿನ ಮೇಲೆ ಅವನ ಹೆಬ್ಬೆರಳಿನ ಎಣ್ಣೆ ಮೂಡಿ ಅಕ್ಷರ ಮಿರುಗಿದವು. "ಗುರುವಾರ ಆ ಊರಿನವರ ಕರಾರಿಗೆ ಒಂದು ಸಹಿ ಹಾಕಿಬಿಡ್ರಿ. ಓಣಿ ಕೆಲಸ ಆಮ್ಯಾಗ ನೋಡೂಣು."

ದಾಕ್ಷಾಯಣಿಗೆ ಅವನ ಮೇಲೆ ಅಸಹ್ಯವಾಯಿತು. ಆದರೆ ಆ ಅಸಹ್ಯ ಅವನ ಮೇಲಷ್ಟೇ ನಿಲ್ಲಲಿಲ್ಲ. ಹೂಂ ಎಂದ ಬಾಯಿ ಅವಳದೇ. ಕೇಳುತ್ತಿದ್ದೇನೆ ಎಂದು ಹೂಂ ಅಂದೆನೆಂದು ಗಂಡನಿಗೆ ಹೇಳಿದ್ದೂ ಪೂರ್ತಿ ನಿಜವಲ್ಲ. ಮಾತು ಕಿವಿಗೆ ಬಿದ್ದಿತ್ತಷ್ಟೇ, ಅವಳು ಲಕ್ಷ್ಯ ಕೊಟ್ಟು ಕೇಳಿರಲೇ ಇಲ್ಲ.

ಅವತ್ತು ಮಧ್ಯಾಹ್ನ ನದಾಫ ಓಣಿಗೆ ಹೋದಳು. ದಾವಲಸಾಬರ ಸೊಸೆ ಹಸೀನಾ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸಿನ ಕೈಯಲ್ಲಿ ಸಲೈನಿನ ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು. ಹಸೀನಾ ಒಳಗೆ ಬನ್ನಿ ಅನ್ನಲಿಲ್ಲ, ಕೂಡಲು ಏನೂ ಹಾಕಲಿಲ್ಲ. ಮಾವ ಕಣ್ಸನ್ನೆ ಮಾಡಿದ ಮೇಲೆ ಒಳಗೆ ಹೋಗಿ ತಾಟಿನಲ್ಲಿ ಒಂದು ಚೂರು ಬೆಲ್ಲ ತಂದಿಟ್ಟಳು. ಬೆಲ್ಲ ಮಾತ್ರ. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಿಗೇ ತೊಡಗದ ಸೀಮೆ ಅದು. ತಾಟಿನಲ್ಲಿ ಲೋಟ ಇರಬೇಕಾಗಿದ್ದ ಜಾಗ ಖಾಲಿಯಿತ್ತು.

"ನಳ ಬಿಟ್ಟು ನೋಡ್ರಿ ಬೇಕಾದ್ರ," ಅಂದಳು ಹಸೀನಾ.

ದಾಕ್ಷಾಯಣಿ ತಿರುಗಿಸಿದಳು. ಮೊದಲು ಗಾಳಿ ಕೆಮ್ಮಿತು. ಆಮೇಲೆ ಕಪ್ಪು ನೂಲಿನಂಥದೇನೋ ಬಂತು, ಅದರ ಹಿಂದೆ ನೊರೆ, ನೊರೆಯಲ್ಲಿ ಹೊರಳುವ ಒಂದು ಸಣ್ಣ ಬಿಳಿ ಹುಳ. ನಾತ ಮೂಗಿಗಿಂತ ಮೊದಲು ಗಂಟಲಿಗೆ ಹೊಡೆಯಿತು. ಅವಳು ಸೆರಗು ಬಾಯಿಗೊತ್ತಿಕೊಂಡಳು. ಹಸೀನಾ ಒತ್ತಿಕೊಳ್ಳಲಿಲ್ಲ. ಆರು ವಾರದಿಂದ ಆ ನೀರಲ್ಲಿ ಮುಸುರೆ ತಿಕ್ಕುತ್ತಿದ್ದವಳಿಗೆ ಅದು ರೂಢಿಯಾಗಿತ್ತು, ಮತ್ತು ಆ ರೂಢಿಯೇ ಎಲ್ಲಕ್ಕಿಂತ ಹೇಸಿಗೆಯ ಸಂಗತಿ ಎನಿಸಿತು ದಾಕ್ಷಾಯಣಿಗೆ.

"ಬ್ಯಾರಲ್ಲು ಇದ್ವು ನಮ್ಮ ಕಡೆ, ಮೂರು," ಅಂದಳು ಹಸೀನಾ. "ದಿನಾ ನೀರು ಬರತಾವ, ಬಿಟ್ಟುಬಿಡ್ರಿ ಅಂದ್ರಿ. ಬಿಟ್ವಿ. ಈಗ ಕುಡ್ಯಾಕ ಹಳಿ ದಾಟಿ ದೊಡ್ಡ ಬಡಾವಣಿಯಿಂದ ತರ್ತೀನಿ, ದಿನಕ್ಕ ಎರಡು ಕೊಡ. ನಮ್ಮ ಓಣಿ ನಿಮ್ಮ ಲೆಕ್ಕದಾಗ ಐತೋ ಇಲ್ಲೋ ಅಷ್ಟು ಹೇಳ್ರಿ."

"ಐತಿ. ಬ್ಯಾರೆ ಪಟ್ಟಿಯೊಳಗ ಐತಿ."

"ಏನಂತಾರ ಆ ಪಟ್ಟಿಗೆ?"

ಜೊಳ್ಳು ಎಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ. ಬೆಲ್ಲದ ಚೂರನ್ನು ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು ಓಣಿ ದಾಟಿದಳು. ಬಸ್ಸಿನಲ್ಲಿ ಕೈ ಬಿಚ್ಚಿದಾಗ ಅದು ಕರಗಿ ಅಂಟಾಗಿತ್ತು.

ಗುರುವಾರ ಹನ್ನೊಂದು ಊರಿನ ಅಧಿಕಾರಿಗಳು ಗಂಧ ಹಚ್ಚಿಸಿಕೊಂಡು, ಗುಲಾಬಿ ಹಿಡಿದುಕೊಂಡು ಪರದೆಯ ಮುಂದೆ ಕುಳಿತರು. ದಾಕ್ಷಾಯಣಿ ಸುತ್ತುಗಳನ್ನು ಮುಟ್ಟಿರಲಿಲ್ಲ. ಎರಡನೆಯ ಸಾಲನ್ನು ಮಾತ್ರ ಮೊದಲಿನಂತೆ ಮಾಡಿದ್ದಳು. ಹೊಸಮಠ ಗುಂಡಿ ಒತ್ತಿದ. ಪರದೆ ಮೂಲೆಯಿಂದ ಮೂಲೆಗೆ ಕೆಂಪಾಯಿತು.

"ಏನೋ ಸಣ್ಣ ದೋಷ," ಅಂದ ಹೊಸಮಠ. ಅವನ ಕೈ ತಂತಾನೇ ಮಲ್ಲಿಗೆಯ ಡಬ್ಬಿಯ ಕಡೆ ಹೋಯಿತು.

"ದೋಷ ಅಲ್ರಿ, ಶೇಷ," ಅಂದಳು ದಾಕ್ಷಾಯಣಿ. ಎದ್ದು ನಿಂತು ಎರಡು ಸಾಲಿನ ಕಥೆ ಹೇಳಿದಳು. ತಾನು ಹೂಂ ಅಂದದ್ದನ್ನೂ ಬಿಡದೆ ಹೇಳಿದಳು. ಕೊನೆಯ ಸಾಲಿನ ಅಧಿಕಾರಿಯೊಬ್ಬ ಕೈ ಎತ್ತಿದ.

"ನಮ್ಮೂರಾಗ ಈ ನಾನೂರಾ ಹನ್ನೆರಡು ಅನ್ನೂವು ಎಲ್ಲಿ ಬರತಾವ್ರಿ?"

"ತೆಳ್ಳನ ಪೈಪು ಎಲ್ಲೆಲ್ಲಿ ಹಾಕೀರಿ ನೆನಸ್ಕೊಳ್ರಿ."

ನೆನೆಯಲು ಯಾರಿಗೂ ಹೊತ್ತು ಹಿಡಿಯಲಿಲ್ಲ. ಹನ್ನೊಂದು ಜನರೂ ಗುಲಾಬಿ ನೋಡಿಕೊಂಡು ಕುಳಿತರು. ಅವತ್ತು ಯಾವ ಸಹಿಯೂ ಆಗಲಿಲ್ಲ, ಸಂಜೆಗೇ ಒಂಬತ್ತು ಸುತ್ತು ವಾಪಸು ಬಂದವು. ಹೊಸಮಠನಿಗೇನಾದರೂ ಆಯಿತೆಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಕಚೇರಿಗಳ ಪರಿಚಯ ಸಾಲದು. ಮೂರೇ ದಿನದಲ್ಲಿ ಅವನು ‘ಶೇಷ ಪರಿಶೀಲನಾ ಸಮಿತಿ’ಯ ಅಧ್ಯಕ್ಷನಾದ.

ಐದನೆಯ ದಿನ ಇಪ್ಪತ್ಮೂರೂ ಮಾಪಕಗಳು ಸೊನ್ನೆಯ ಮೇಲೇರಿ ನಿಂತವು. ನಿಜವಾದ ಜಾಲದ ಮೇಲೆ ಅಳೆದ ಶೇಷ ಸೊನ್ನೆ. ನೀರು ಕುಡಿಯಲು ಯೋಗ್ಯವೆಂದು ಪ್ರಕಟಣೆ ಹೊರಡಿಸಲು ಹೊಸಮಠ ಆಗಲೇ ಅವಳ ಹೆಸರು ಹಾಕಿ ಕರಡು ಸಿದ್ಧಮಾಡಿದ್ದ. ಒಂದು ಹೂಂ ಅನ್ನಿ ಸಾಕು ಎಂದು ಫೋನು ಮಾಡಿದ್ದ. ಅವಳು ಕರಡನ್ನು ಚೀಲದಲ್ಲಿಟ್ಟುಕೊಂಡು ನದಾಫ ಓಣಿಯ ಬಸ್ಸು ಹತ್ತಿದಳು.

ದಾವಲಸಾಬರು ಪೈಪಿಗೆ ಸರಳು ಹಚ್ಚಿ ಕೂತಿದ್ದರು. "ಸಪ್ಪಳ ಸರಿ ಐತ್ರಿ ಮೇಡಮ್ಮಾರ," ಅಂದರು. "ಜಗ್ಗೂದು ಬಿಟ್ಟೈತಿ."

ಹಸೀನಾ ತಾಟು ತಂದಳು. ಬೆಲ್ಲ, ಪಕ್ಕದಲ್ಲಿ ಸ್ಟೀಲಿನ ಲೋಟದ ತುಂಬ ನೀರು. ತಳ ಕಾಣುವಷ್ಟು ತಿಳಿಯಾಗಿತ್ತು. ಸೊಂಟದ ಮೇಲಿದ್ದ ಕೂಸು ಲೋಟದ ಹೊಳಪಿಗೆ ಕೈ ಚಾಚಿತು. ಹಸೀನಾ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಮೊದ್ಲ ನೀವು ಕುಡೀರಿ," ಅಂದಳು.

ದಾಕ್ಷಾಯಣಿ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಮೊದಲ ಗುಟುಕು ಸಿಹಿಯಾಗಿತ್ತು. ಎರಡನೆಯ ಗುಟುಕಿನಲ್ಲಿ, ಬೆಲ್ಲ ಕರಗಿದ ಮೇಲೆ, ನಾಲಿಗೆಯ ಬುಡದಲ್ಲಿ ಅದು ಸಿಕ್ಕಿತು. ಎಳೆಯಷ್ಟು ಮಾತ್ರ, ಆದರೆ ಅದೇ ನಾತ. ಆರು ವಾರ ಹೀರಿದ ಲೋಳೆ ಪೈಪಿನ ಒಳಗೋಡೆಗೆ ಇನ್ನೂ ಅಂಟಿಕೊಂಡಿರಬೇಕು. ಒತ್ತಡದ ಸಮೀಕರಣದಲ್ಲಿ ಲೋಳೆಗೆ ಜಾಗವಿಲ್ಲ. ಉಗುಳದೆ ನುಂಗಿದಳು.

ಹಸೀನಾ ಅವಳ ಗಂಟಲನ್ನೇ ನೋಡುತ್ತಿದ್ದಳು.

"ಕೂಸಿಗೆ ಕುಡಸಲ್ರಿ?"

ದಾಕ್ಷಾಯಣಿಯ ಚೀಲದಲ್ಲಿ ಪ್ರಕಟಣೆಯ ಕರಡು ಇತ್ತು. ಲೆಕ್ಕ ಸರಿಯಿತ್ತು, ಈ ಸಲ ನಿಜವಾಗಿಯೂ ಸರಿಯಿತ್ತು. ದಾವಲಸಾಬರ ಕಿವಿಯೂ ಸರಿ ಅಂದಿತ್ತು. ಎಲ್ಲರೂ ಕಾಯುತ್ತಿದ್ದದ್ದು ಒಂದು ಅಕ್ಷರಕ್ಕೆ.

"ಉಹೂಂ," ಅಂದಳು ದಾಕ್ಷಾಯಣಿ. "ಇನ್ನೂ ನಾರತೈತಿ."

ಹಸೀನಾ ಲೋಟದಲ್ಲಿ ಉಳಿದಿದ್ದ ನೀರನ್ನು ಗಟಾರಕ್ಕೆ ಸುರಿದಳು. ಆಮೇಲೆ ಒಳಗೆ ಹೋಗಿ ಚಾಪೆ ತಂದು ಹಾಸಿದಳು.

"ಕುಂದರ್ರಿ," ಅಂದಳು. "ಮುಂದ ಏನು ಮಾಡಬೇಕು ಹೇಳ್ರಿ."